ಸೋಸುವ ಬಟ್ಟೆ ಮತ್ತು ಅಂಗೈಯ ಪರದೆ

ಶ್ರಾವಕರ ಮನೆಯ ಮಗು ಅಕ್ಷರ ಕಲಿಯುವ ಮೊದಲೇ ಕಲಿಯುವ ಸಂಗತಿಯೊಂದಿದೆ: ನೀರನ್ನು ಸೋಸದೆ ಕುಡಿಯಬಾರದು. ದಪ್ಪ ಬಟ್ಟೆಯನ್ನು ಮಡಿಸಿ ಕೊಡದ ಬಾಯಿಗೆ ಕಟ್ಟಿ ನೀರು ಸುರಿಯುವ ಅಜ್ಜಿಯನ್ನು ಅದು ನೋಡಿರುತ್ತದೆ. ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಮತ್ತೆ ಅದೇ ಬಾವಿಗೆ ಮೆಲ್ಲನೆ ಸೇರಿಸಬೇಕೆಂಬುದನ್ನೂ ಕೇಳಿರುತ್ತದೆ. ಕಣ್ಣಿಗೆ ಕಾಣದ ಜೀವಕ್ಕೂ ನೋವಾಗಬಾರದೆಂಬ ಎಚ್ಚರವುಳ್ಳ ಅಂತಹ ಮನೆಯಲ್ಲಿಯೇ ಇಂದು ಮೊಬೈಲಿನ ಪರದೆಯ ಮೇಲೆ ಬಂದದ್ದೆಲ್ಲ ಸೋಸದೆ ಒಳಗಿಳಿಯುತ್ತಿದೆ. ಸೋಸದೆಯೇ ಇನ್ನೊಬ್ಬರಿಗೆ ಹರಿದುಹೋಗುತ್ತಿದೆ.

ಇದು ಸಣ್ಣ ಪ್ರಮಾದವಲ್ಲ. 2018ರ ಜುಲೈ ತಿಂಗಳಲ್ಲಿ ಬೀದರ ಜಿಲ್ಲೆಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಹಂಚಿದ ಪರಸ್ಥಳದವರನ್ನು ಮಕ್ಕಳ ಕಳ್ಳರೆಂದು ಸಾರುವ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಊರಿಂದೂರಿಗೆ ಓಡಿತು. ಮುರ್ಕಿ ಗ್ರಾಮದಲ್ಲಿ ಜನ ಅವರ ಕಾರನ್ನು ತಡೆದು ಹೊಡೆದರು. ಹೈದರಾಬಾದಿನ ಎಂಜಿನಿಯರ್ ಒಬ್ಬರು ಪ್ರಾಣ ಕಳೆದುಕೊಂಡರು. ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ರವಾನಿಸಲಾಗದಂತೆ ಆ ಸಂಸ್ಥೆ ಭಾರತದಲ್ಲಿ ಮಿತಿ ಹಾಕಿದ್ದು ಅದೇ ತಿಂಗಳಲ್ಲಿ. ಆ ದಿನ ಸಂದೇಶ ಕಳುಹಿಸಿದವರಲ್ಲಿ ಬಹುಮಂದಿ ಕೈಯಲ್ಲಿ ಕೋಲು ಹಿಡಿದವರಲ್ಲ. ಮನೆಯಲ್ಲಿ ಕುಳಿತು ಬೆರಳಾಡಿಸಿದವರು.

ಜೈನಾಗಮವು ಅವರನ್ನು ಬಿಟ್ಟುಬಿಡುವುದಿಲ್ಲ. ತಾನು ಮಾಡಿದ್ದು, ಬೇರೆಯವರಿಂದ ಮಾಡಿಸಿದ್ದು, ಮಾಡಿದ್ದನ್ನು ಮೆಚ್ಚಿದ್ದು - ಕೃತ, ಕಾರಿತ, ಅನುಮೋದನ - ಮೂರೂ ಕರ್ಮಾಸ್ರವಕ್ಕೆ ಕಾರಣಗಳೇ. ಸಹಪಾಠಿಯೊಬ್ಬಳನ್ನು ಅಣಕಿಸುವ ಚಿತ್ರಕ್ಕೆ ಮೆಚ್ಚುಗೆಯ ಗುರುತು ಒತ್ತಿದ ಹದಿಹರೆಯದವರು ‘ನಾನೇನೂ ಬರೆಯಲಿಲ್ಲವಲ್ಲ’ ಎನ್ನುತ್ತಾರೆ. ಅನುಮೋದನವೆಂಬ ಮಾತನ್ನು ಅವರಿಗೆ ಅರ್ಥಮಾಡಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಹಾಗೆ ಒತ್ತಿದವರು ಐವತ್ತು ಮಂದಿಯಾದಾಗ ಆ ಹುಡುಗಿ ಶಾಲೆಗೆ ಹೋಗಲೊಲ್ಲೆ ಎನ್ನುತ್ತಾಳೆ. ಅದು ಹಿಂಸೆಯಲ್ಲದೆ ಮತ್ತೇನು?

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಪಾಠಶಾಲೆಗಳಲ್ಲಿ ಮಕ್ಕಳು ಅವನ್ನು ಕಂಠಪಾಠ ಮಾಡಿ ಒಪ್ಪಿಸುತ್ತಾರೆ. ಅರ್ಥ ಕೇಳಿದರೆ ಸುಮ್ಮನಾಗುತ್ತಾರೆ. ಪೂಜ್ಯಪಾದರ ಸರ್ವಾರ್ಥಸಿದ್ಧಿಯ ವಿವರಣೆಯನ್ನು ಇಂದಿನ ಪರದೆಯ ಪಕ್ಕದಲ್ಲಿಟ್ಟು ನೋಡಬೇಕು. ಒಬ್ಬನು ಹೇಳದ ಮಾತನ್ನು ಅವನೇ ಹೇಳಿದನೆಂದು ವಂಚನೆಗಾಗಿ ಬರೆಯುವುದು ಕೂಟಲೇಖಕ್ರಿಯೆ. ಇನ್ನೊಬ್ಬರ ಹೆಸರಿನಲ್ಲಿ ನಕಲಿ ಖಾತೆ ತೆರೆಯುವುದು, ಯಂತ್ರದ ನೆರವಿನಿಂದ ಅವರ ಮುಖ, ಧ್ವನಿಗಳನ್ನು ಸೃಷ್ಟಿಸುವುದು ಇದೇ ಅಲ್ಲವೇ? ಏಕಾಂತದಲ್ಲಿ ನಡೆದುದನ್ನು ಹೊರಗೆಡಹುವುದು ರಹೋಭ್ಯಾಖ್ಯಾನ. ವಿಶ್ವಾಸದಿಂದ ಕಳುಹಿಸಿದ ಖಾಸಗಿ ಚಿತ್ರವನ್ನು ಹಂಚುವವನು ಈ ದೋಷಕ್ಕೆ ಗುರಿಯಾಗುತ್ತಾನೆ. ಹುಬ್ಬಿನ ಚಲನೆಯಿಂದ, ಮೈಯ ಇಂಗಿತದಿಂದ ಇನ್ನೊಬ್ಬರ ಮನಸ್ಸನ್ನರಿತು ಅಸೂಯೆಯಿಂದ ಅದನ್ನು ಬಯಲುಮಾಡುವುದು ಸಾಕಾರಮಂತ್ರಭೇದ. ಕಾಗದವೂ ಅಪರೂಪವಾಗಿದ್ದ ಕಾಲದ ಆಚಾರ್ಯರು ಇಷ್ಟು ಸೂಕ್ಷ್ಮವಾಗಿ ಕಂಡಿದ್ದರು.

ಆದರೆ ಮಕ್ಕಳಿಗೆ ಅಸತ್ಯದ ಮೊದಲ ಪಾಠ ಹೇಳಿಕೊಡುವವರು ಯಾರು? ಪ್ರಮುಖ ಸಾಮಾಜಿಕ ಜಾಲತಾಣಗಳು ಖಾತೆ ತೆರೆಯಲು 13 ವರ್ಷ ತುಂಬಿರಬೇಕೆನ್ನುತ್ತವೆ. ಹತ್ತು ವರ್ಷದ ಮಗ ಹಟ ಹಿಡಿದಾಗ ತಂದೆಯೇ ಜನ್ಮವರ್ಷವನ್ನು ನಾಲ್ಕು ವರ್ಷ ಹಿಂದಕ್ಕೆ ತಳ್ಳಿ ನಮೂದಿಸಿಕೊಡುತ್ತಾನೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಮಕ್ಕಳ ಚಲನವಲನವನ್ನು ಹಿಂಬಾಲಿಸಿ ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದನ್ನು ನಿಷೇಧಿಸುತ್ತದೆ. ವಯಸ್ಸನ್ನೇ ಸುಳ್ಳು ಹೇಳಿದ ಮಗುವಿಗೆ ಈ ರಕ್ಷಣೆ ದಕ್ಕುವುದು ಹೇಗೆ? ಮಗುವಿನ ಸಮವಸ್ತ್ರ, ಶಾಲೆಯ ಹೆಸರು, ಮನೆಯ ಬಾಗಿಲು ಎಲ್ಲವೂ ಕಾಣುವಂತಹ ಚಿತ್ರಗಳನ್ನು ದಿನಕ್ಕೊಂದರಂತೆ ಲೋಕಕ್ಕೆ ಹಂಚುವವರೂ ಹೆತ್ತವರೇ. ಕ್ಷಮಾವಾಣಿಯ ದಿನ ಒಂದೇ ಸಿದ್ಧಸಂದೇಶವನ್ನು ಇನ್ನೂರು ಮಂದಿಗೆ ರವಾನಿಸಿ, ನಿಜವಾಗಿ ನೋಯಿಸಿದ ಒಬ್ಬರ ಮನೆಗೆ ಹೋಗದಿರುವವರನ್ನೂ ಮಕ್ಕಳು ನೋಡುತ್ತಲೇ ಇರುತ್ತಾರೆ.

ಮೊಬೈಲನ್ನೇ ಕಿತ್ತಿಟ್ಟರಾಯಿತು ಎನ್ನುವವರಿದ್ದಾರೆ. ಶಾಲೆಯ ಮನೆಗೆಲಸವೇ ಅದರಲ್ಲಿ ಬರುತ್ತಿರುವಾಗ ಆ ಮಾತು ನಿಲ್ಲುವುದಿಲ್ಲ. ಕೆಲವು ತಾಣಗಳಿಗೆ ಬೀಗ ಹಾಕುವ ವ್ಯವಸ್ಥೆಯಿದೆ. ಚಿಕ್ಕವರಿಗೆ ಅದು ಬೇಕು. ಹದಿನೈದರ ಹುಡುಗನಿಗೆ ಆ ಬೀಗ ತೆಗೆಯುವುದು ತಂದೆಗಿಂತ ಚೆನ್ನಾಗಿ ಗೊತ್ತಿರುತ್ತದೆ. ಗುಪ್ತಿಯೆಂದರೆ ಹೊರಗಿನವರು ಹಾಕಿದ ಬೀಗವಲ್ಲ. ಮನೋವಚನಕಾಯಗಳನ್ನು ತಿಳಿದು ತಾನೇ ಕಾಯ್ದುಕೊಳ್ಳುವುದು. ಅದನ್ನು ಮುನಿಗಳಿಗೆ ಹೇಳಿರುವುದು ನಿಜ; ಶ್ರಾವಕರ ಮಕ್ಕಳು ಅದರ ಅಭ್ಯಾಸ ಮಾಡಲು ಅಡ್ಡಿಯೇನಿಲ್ಲ. ಒಟಿಪಿ ಕೇಳಿದವರಿಗೆ ಯಾಕೆ ಹೇಳಬಾರದು, ಆಟದಲ್ಲಿ ಪರಿಚಯವಾದ ‘ಗೆಳೆಯ’ ಮನೆಯ ವಿಳಾಸವನ್ನೇಕೆ ಕೇಳುತ್ತಾನೆ ಎಂಬುದನ್ನು ಕಾರಣಸಹಿತ ತಿಳಿಸಿದರೆ ಮಗುವೇ ಕಾವಲುಗಾರನಾಗುತ್ತದೆ.

ಎಲ್ಲಕ್ಕಿಂತ ಕಠಿಣವಾದದ್ದು ಇನ್ನೊಂದಿದೆ. ಒಂಬತ್ತನೆಯ ತರಗತಿಯ ಮಗುವೊಂದು ಅಪರಿಚಿತನನ್ನು ನಂಬಿ ಚಿತ್ರವೊಂದನ್ನು ಕಳುಹಿಸಿದೆ ಎಂದಿಟ್ಟುಕೊಳ್ಳೋಣ. ಮರುದಿನ ಬೆದರಿಕೆ ಬರುತ್ತದೆ: ಹಣ ಕೊಡು, ಇಲ್ಲವೇ ಇನ್ನೊಂದು ಚಿತ್ರ ಕಳುಹಿಸು. ಮಗು ಊಟ ಬಿಡುತ್ತದೆ, ನಿದ್ದೆ ಬಿಡುತ್ತದೆ, ಹೇಳುವುದಿಲ್ಲ. ಬೆದರಿಸುವವನ ಬಲವೆಲ್ಲ ಇರುವುದು ಆ ಮೌನದಲ್ಲಿ. ಮಗುವಿಗೆ ಅವನಿಗಿಂತ ಅಪ್ಪನ ಸಿಟ್ಟು, ಅಮ್ಮನ ಅಳು, ನೆಂಟರ ಮಾತು ಹೆಚ್ಚು ಭಯಂಕರವಾಗಿ ಕಾಣುತ್ತವೆ.

ಜೈನಪರಂಪರೆಯಲ್ಲಿ ಆಲೋಚನೆ ಎಂದರೆ ಮಾಡಿದ ತಪ್ಪನ್ನು ಮರೆಮಾಚದೆ ಗುರುವಿನ ಮುಂದೆ ಹೇಳುವುದು. ಅದು ಹೇಳುವವನ ಧರ್ಮ. ಕೇಳುವವನಿಗೂ ಧರ್ಮವಿದೆ. ಶಿವಾರ್ಯರ ಭಗವತೀ ಆರಾಧನೆಯು ಆಲೋಚನೆಯನ್ನು ಕೇಳುವ ಆಚಾರ್ಯನು ಅಪರಿಸ್ರಾವಿಯಾಗಿರಬೇಕೆನ್ನುತ್ತದೆ: ಕಿವಿಗೆ ಬಿದ್ದ ದೋಷವು ಅವನಿಂದ ಹೊರಗೆ ಸೋರಬಾರದು. ಸೋರಿದರೆ ಇನ್ನಾರೂ ಅವನ ಬಳಿ ಬಾಯಿ ಬಿಡುವುದಿಲ್ಲ. ಹೆತ್ತವರಲ್ಲಿ, ಶಿಕ್ಷಕರಲ್ಲಿ ಈ ಗುಣ ಎಷ್ಟಿದೆ? ಮಗ ಹೇಳಿಕೊಂಡದ್ದು ಸಂಜೆಗೆ ಚಿಕ್ಕಪ್ಪನಿಗೆ, ಮರುದಿನ ಶಿಕ್ಷಕರ ಕೊಠಡಿಯ ಎಲ್ಲರಿಗೂ ತಿಳಿದಿರುತ್ತದೆ.

ಸೋರದಿರುವುದೆಂದರೆ ಪೊಲೀಸರಿಂದಲೂ ಮುಚ್ಚಿಡುವುದೆಂದು ಅರ್ಥವಲ್ಲ. ಮರ್ಯಾದೆಗೆ ಅಂಜಿ ದೂರು ಕೊಡದಿದ್ದರೆ ಅದೇ ಕೈ ನಾಳೆ ಇನ್ನೊಂದು ಮಗುವಿನ ಮೇಲೆ ಬೀಳುತ್ತದೆ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯಲ್ಲಿ ಸಂತ್ರಸ್ತ ಮಗುವಿನ ಗುರುತು ಬಯಲಾಗದಂತೆ ಕಾಯುವ ವಿಧಿಗಳಿವೆ. ಮಕ್ಕಳ ಸಹಾಯವಾಣಿ 1098. ಹಣದ ವಂಚನೆಯೂ ಸೇರಿದಂತೆ ಸೈಬರ್ ಅಪರಾಧಕ್ಕೆ 1930. ಬೆದರಿಕೆಯ ಸಂದೇಶಗಳನ್ನು ಅಳಿಸಬಾರದು, ಅವೇ ಸಾಕ್ಷ್ಯ. ಹಣ ಕೊಡಬಾರದು, ಕೊಟ್ಟವರಿಂದ ಮತ್ತೆ ಕೇಳುತ್ತಾರೆ.

ಚಾತುರ್ಮಾಸದಲ್ಲಿ ಬಹುತೇಕ ಬಸದಿಗಳಲ್ಲಿ ಮಕ್ಕಳಿಗೆ ಸಂಸ್ಕಾರ ಶಿಬಿರಗಳು ನಡೆಯುತ್ತವೆ. ಸತ್ಯಾಣುವ್ರತದ ಅತಿಚಾರಗಳನ್ನು ಕಲಿಸುವ ದಿನ ಒಂದು ಮೊಬೈಲನ್ನೂ ಮುಂದಿಟ್ಟುಕೊಂಡು ಕಲಿಸಬಹುದು. ಆ ಹೊತ್ತು ಹಿಂದಿನ ಸಾಲಿನಲ್ಲಿ ತಂದೆತಾಯಿಯರೂ, ಬೆಳಗಾದರೆ ಕುಟುಂಬದ ಗುಂಪಿಗೆ ಹತ್ತು ಸಂದೇಶ ರವಾನಿಸುವ ಅಜ್ಜಂದಿರೂ ಕುಳಿತಿದ್ದರೆ ಒಳ್ಳೆಯದು.