ನಿರ್ಜನ ಕಡಲು ನಡೆಯಲಿಕ್ಕೆ, ಮೀಯಲಿಕ್ಕಲ್ಲ

ಕ್ರಿಸ್‌ಮಸ್ ರಜೆ ಹತ್ತಿರವಾದಾಗ ಬಿಕರ್ನಕಟ್ಟೆಯ ತಾಯಿಯೊಬ್ಬರು ಮಗುವಿನ ಶೀತಕ್ಕೆ ಔಷಧಿ ಬರೆಸಿಕೊಂಡು ಏಳುವಾಗ ಕೇಳಿದರು: "ಡಾಕ್ಟ್ರೇ, ಈ ಸಲ ಪಣಂಬೂರಿನ ಗೌಜಿ ಬೇಡ ಅಂತ ಮಾಡಿದ್ದೇವೆ. ಮಕ್ಕಳನ್ನು ಕಟ್ಟಿಕೊಂಡು ಊರ ದಾರಿಯಲ್ಲಿ ನಡೆಯುತ್ತ ಹೋಗಿ, ಯಾರೂ ಇಲ್ಲದ ಕಡಲ ಬದಿಯಲ್ಲಿ ಒಂದು ದಿನ ಕಳೆದು ಬರಬೇಕು. ಎಲ್ಲಿಗೆ ಹೋಗಬಹುದು?"

ಪ್ರಶ್ನೆ ಕೇಳಿ ನನಗೆ ಸಂತೋಷವೂ ಆಯಿತು, ಸಣ್ಣ ಹೆದರಿಕೆಯೂ ಆಯಿತು. ಸಂತೋಷ ಏಕೆಂದರೆ, ನಡೆಯುವುದನ್ನು ಶಿಕ್ಷೆ ಎಂದು ತಿಳಿಯದೆ ರಜೆಯ ಸುಖ ಎಂದು ತಿಳಿದ ಕುಟುಂಬಗಳು ಈಗ ಅಪರೂಪ. ಬಿಕರ್ನಕಟ್ಟೆಯ ಗುಡ್ಡದಿಂದ ಕಡಲು ಹಕ್ಕಿ ಹಾರುವ ದಾರಿಯಲ್ಲಿ ಹತ್ತು ಕಿಲೋಮೀಟರಿಗೂ ಕಡಿಮೆ. ಆದರೂ ಅಲ್ಲಿನ ಎಷ್ಟೋ ಮಕ್ಕಳು ಕಡಲನ್ನು ಕಾಣುವುದು ವರ್ಷಕ್ಕೊಮ್ಮೆ, ಅದೂ ಕಾರಿನ ಕಿಟಕಿಯಿಂದ. ಹೆದರಿಕೆ ಏಕೆಂದರೆ, 'ಯಾರೂ ಇಲ್ಲದ ಕಡಲು' ಎಂಬ ಮಾತಿನಲ್ಲೇ ಒಂದು ಅಪಾಯ ಅಡಗಿದೆ. ಯಾರೂ ಇಲ್ಲದ ಕಡೆ ಗಲಾಟೆ ಇರುವುದಿಲ್ಲ, ನಿಜ. ಕೂಗಿದರೆ ಓಡಿ ಬರುವವರೂ ಇರುವುದಿಲ್ಲ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ಮನೆಯವರೊಂದಿಗೆ ಮುಕ್ಕದಿಂದ ಸಸಿಹಿತ್ಲಿನ ಕಡೆಗೆ ನಡೆದಿದ್ದೆ. ಒಂದು ಬದಿ ಕಡಲು, ಮುಂದೆ ನಂದಿನಿ ಮತ್ತು ಶಾಂಭವಿ ನದಿಗಳು ಸೇರುವ ಅಳಿವೆ. ಕಡಲ ಬದಿಯಲ್ಲಿ ತೆರೆ ಹೊಡೆಯುತ್ತಿತ್ತು, ಅಳಿವೆಯ ಬದಿಯ ನೀರು ಮಾತ್ರ ಕೆರೆಯಂತೆ ಸುಮ್ಮನಿತ್ತು. ಹನ್ನೊಂದು ವರ್ಷದ ನನ್ನ ತಂಗಿಯ ಮಗ ಮೊಣಕಾಲಷ್ಟು ನೀರಿಗೆ ಇಳಿದ. ಇಳಿಯಲಿ ಎಂದು ಹೇಳಿದವನು ನಾನೇ. ಎರಡು ನಿಮಿಷದಲ್ಲಿ ಅವನ ಕಾಲಡಿಯ ಮರಳು ಜಾರಿ, ಹುಡುಗ ಕೂತಂತೆಯೇ ಕಡಲ ಕಡೆಗೆ ಸರಿಯತೊಡಗಿದ. ಅಲ್ಲೇ ಮರುವಾಯಿ ಹೆಕ್ಕುತ್ತಿದ್ದ ಹಿರಿಯರೊಬ್ಬರು ಓಡಿ ಬಂದು ರಟ್ಟೆ ಹಿಡಿದು ಎಳೆದರು. ನನ್ನನ್ನು ತುಳುವಿನಲ್ಲಿ ಚೆನ್ನಾಗಿ ಗದರಿದರು. ಅದು ನೀರು ಇಳಿಯುವ ಹೊತ್ತು. ನದಿಯ ನೀರೂ ಇಳಿತದ ನೀರೂ ಸೇರಿ ಅಳಿವೆಯಿಂದ ಹೊರಕ್ಕೆ ಓಡುತ್ತವೆ ಎಂಬುದು ಆ ಊರಿನ ಮಕ್ಕಳಿಗೂ ಗೊತ್ತು. ಡಾಕ್ಟರಾದ ನನಗೆ ಗೊತ್ತಿರಲಿಲ್ಲ.

ತೆರೆಯ ವಿಷಯದಲ್ಲೂ ನಮ್ಮ ಕಣ್ಣು ಹೀಗೆಯೇ ಮೋಸ ಹೋಗುತ್ತದೆ. ದಡಕ್ಕೆ ಬಂದ ತೆರೆಯ ನೀರು ಹಿಂದಕ್ಕೆ ಹೋಗಲೇಬೇಕು. ಅದು ಹಲವು ಕಡೆ ಒಂದು ಇಕ್ಕಟ್ಟಾದ ಕಾಲುವೆಯಂಥ ಜಾಗದಲ್ಲಿ ಒಟ್ಟಾಗಿ ಹೊರಕ್ಕೆ ಹರಿಯುತ್ತದೆ. ಇದೇ ಸೆಳೆತ. ಆ ಜಾಗದಲ್ಲಿ ತೆರೆ ಸರಿಯಾಗಿ ಮುರಿಯುವುದಿಲ್ಲ, ನೊರೆಯೂ ಕಡಿಮೆ. ಎಡಬಲದಲ್ಲಿ ಬಿಳಿ ನೊರೆ, ನಡುವೆ ಸುಮ್ಮನಿರುವ ಕಡುಬಣ್ಣದ ನೀರು. ನೋಡಿದ ತಾಯಿಯೋ ತಂದೆಯೋ ಮಕ್ಕಳನ್ನು ಅಲ್ಲಿಗೇ ಕರೆದೊಯ್ಯುತ್ತಾರೆ! ಬಲವಾದ ಸೆಳೆತ ಸೆಕೆಂಡಿಗೆ 2 ಮೀಟರ್ ವೇಗ ದಾಟುವುದುಂಟು. ಒಲಿಂಪಿಕ್ ಈಜುಗಾರನೂ ಅದಕ್ಕೆ ಎದುರಾಗಿ ಈಜಲಾರ. ಸೆಳೆತ ನಮ್ಮನ್ನು ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಹೆಚ್ಚಿನವರು ದಡದ ಕಡೆಗೇ ಈಜಿ ಈಜಿ ದಣಿದು ಮುಳುಗುತ್ತಾರೆ. ಸಿಕ್ಕಿಬಿದ್ದರೆ ಗಾಬರಿಯಾಗದೆ ತೇಲಬೇಕು, ಕೈ ಎತ್ತಿ ಕರೆಯಬೇಕು, ಈಜಲು ಬಂದರೆ ದಡಕ್ಕೆ ಸಮಾನಾಂತರವಾಗಿ ಸ್ವಲ್ಪ ದೂರ ಈಜಿ ನಂತರ ದಡಕ್ಕೆ ತಿರುಗಬೇಕು.

2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆಂದು ಮುರುಡೇಶ್ವರಕ್ಕೆ ಬಂದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಕಡಲ ಪಾಲಾದುದನ್ನು ಓದುಗರು ಮರೆತಿರಲಾರರು. ಜನಜಂಗುಳಿಯ ಮುರುಡೇಶ್ವರದಲ್ಲೇ ಹೀಗಾದರೆ ನಿರ್ಜನ ದಡದ ಗತಿ ಏನು? ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಮಂದಿ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಮಕ್ಕಳ ಪಾಲು ಬಹಳ ದೊಡ್ಡದು.

ಹಾಗಾದರೆ ಮನೆಯಲ್ಲೇ ಕೂರಬೇಕೇ? ಖಂಡಿತ ಬೇಡ. ನನ್ನ ಅಭಿಪ್ರಾಯ ಇಷ್ಟೆ: ಕಡಲ ರಜೆಯನ್ನು ಎರಡು ಭಾಗ ಮಾಡಿ. ನಿರ್ಜನ ದಡ ನಡೆಯಲಿಕ್ಕೆ, ಕೂರಲಿಕ್ಕೆ, ಬುತ್ತಿ ಬಿಚ್ಚಲಿಕ್ಕೆ. ಮೀಯುವುದು ಜೀವರಕ್ಷಕರು ಇರುವಲ್ಲಿ ಮಾತ್ರ. ಪಣಂಬೂರಿನ ಗೌಜಿಯನ್ನು ನಾವು ಎಷ್ಟು ಬೈದರೂ, ಅಲ್ಲಿ ಸೀಟಿ ಊದುವವರಿದ್ದಾರೆ. ಪಡುಬಿದ್ರಿ ಕಡಲ ದಡಕ್ಕೆ 2020ರಲ್ಲಿ ಬ್ಲೂ ಫ್ಲಾಗ್ ಮಾನ್ಯತೆ ದೊರಕಿದ್ದು ಮರಳು ಬೆಳ್ಳಗಿದೆ ಎಂದಲ್ಲ. ನೀರಿನ ಶುದ್ಧತೆ, ಶೌಚಾಲಯ, ಜೀವರಕ್ಷಕರು ಇಂಥ 33 ವಿಷಯಗಳನ್ನು ನೋಡಿ ಅದನ್ನು ಕೊಡುತ್ತಾರೆ. ಅದೇ ವರ್ಷ ಹೊನ್ನಾವರದ ಕಾಸರಕೋಡಿಗೂ ಅದು ಸಿಕ್ಕಿತು.

ನಡೆಯುವ ದಾರಿಗಳಿಗೆ ನಮ್ಮಲ್ಲಿ ಬರಗಾಲವಿಲ್ಲ. ಬಿಕರ್ನಕಟ್ಟೆಯವರಿಗೆ ಅತಿ ಸುಲಭವಾದದ್ದು ಬೋಳೂರಿನ ಸುಲ್ತಾನ್ ಬತ್ತೇರಿಯ ದಾರಿ. ಟಿಪ್ಪುವಿನ ಕಾಲದ ಕಪ್ಪು ಕಲ್ಲಿನ ಕಾವಲು ಕೋಟೆಯನ್ನು ಮಕ್ಕಳಿಗೆ ತೋರಿಸಿ, ದೋಣಿಯಲ್ಲಿ ಗುರುಪುರ ನದಿ ದಾಟಿದರೆ ತಣ್ಣೀರುಬಾವಿ. ಅಲ್ಲಿಂದ ದಕ್ಷಿಣಕ್ಕೆ, ಒಂದು ಬದಿ ನದಿ ಒಂದು ಬದಿ ಕಡಲು ಇರುವ ಮರಳ ಪಟ್ಟಿಯ ಮೇಲೆ ಬೆಂಗ್ರೆಯ ಕಡೆಗೆ ನಡೆದು, ದೋಣಿಯಲ್ಲೇ ಬಂದರಿಗೆ ಮರಳಬಹುದು. ದೋಣಿ ಉಂಟೋ ಇಲ್ಲವೋ ಎಂದು ಮೊದಲೇ ವಿಚಾರಿಸಿಕೊಳ್ಳಿ. ಎರಡು ದಿನ ಬಿಡುವಿದ್ದವರು ಕೊಂಕಣ ರೈಲಿನಲ್ಲಿ ಗೋಕರ್ಣಕ್ಕೆ ಹೋಗಿ, ಗುಡ್ಡದ ಕಾಲುದಾರಿಯಲ್ಲಿ ಕುಡ್ಲೆ, ಓಂ, ಹಾಫ್ ಮೂನ್ ಕಡಲ ದಡಗಳನ್ನು ಒಂದೊಂದಾಗಿ ನೋಡಬಹುದು. ಆದರೆ ಒಂದು ನೆನಪಿಡಿ: ಹಾಫ್ ಮೂನಿಗೆ ವಾಹನದ ರಸ್ತೆ ಇಲ್ಲ. ಅಲ್ಲಿ ಅಷ್ಟು ಶಾಂತಿ ಇರುವುದು ಅದರಿಂದಲೇ. ಆಂಬುಲೆನ್ಸ್ ಬರಲಾಗದಿರುವುದೂ ಅದರಿಂದಲೇ. ಇನ್ನು ಸೋಮೇಶ್ವರದ ಬಂಡೆಗಳು ದೂರದಿಂದ ನೋಡಲು ಚೆಂದ. ಪಾಚಿ ಹಿಡಿದ ಬಂಡೆಯ ಅಂಚಿಗೆ ಹೋಗಿ ಫೋಟೋ ತೆಗೆಯುವ ಉತ್ಸಾಹ ಬೇಡ.

ನಡೆಯುವ ಮುನ್ನ ಕೆಲವು ಮಾತು. ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಜೂನ್ ತಿಂಗಳಿಂದ ಮಳೆಗಾಲ ಮುಗಿಯುವವರೆಗೆ ಕಡಲಿಗೆ ಇಳಿಯುವ ಯೋಚನೆಯೇ ಬೇಡ. ಬೆಳಗ್ಗೆ ಆರೂವರೆ-ಏಳಕ್ಕೆ ಹೊರಟು ಹತ್ತು ಗಂಟೆಗೆ ನೆರಳು ಸೇರಿ. ನಮ್ಮ ಕಡಲು ಪಶ್ಚಿಮಕ್ಕಿರುವುದರಿಂದ ಬೆಳಗಿನ ಹೊತ್ತು ತೆಂಗು, ಗಾಳಿಮರಗಳ ನೆರಳು ಮರಳಿನ ಮೇಲೆಯೇ ಬೀಳುತ್ತದೆ. ಇಳಿತದ ಹೊತ್ತಿನ ಒದ್ದೆ ಮರಳು ಗಟ್ಟಿಯಾಗಿದ್ದು ನಡೆಯಲು ಹಿತ. ಒಣ ಮರಳಿನಲ್ಲಿ ನಡೆಯಲು ಗಟ್ಟಿ ನೆಲಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಬೇಕು; ಹೃದ್ರೋಗಿಗಳು, ಮೊಣಕಾಲು ನೋವಿನ ಅಜ್ಜಿಯರು ಇದನ್ನು ಗಮನಿಸಬೇಕು. ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ನಡೆಯಲೇಬಾರದು. ಪಾದಕ್ಕೆ ಸ್ಪರ್ಶ ಕಡಿಮೆಯಾದವರಿಗೆ ಚಿಪ್ಪು ಕೊಯ್ದದ್ದೂ ಮರಳು ಸುಟ್ಟದ್ದೂ ಗೊತ್ತಾಗುವುದಿಲ್ಲ. ಹುಣ್ಣಾದ ಮೇಲೆ ಗೊತ್ತಾಗುತ್ತದೆ. ತಲೆಗೆ ಟೋಪಿ ಅಥವಾ ಕೊಡೆ, ಕುಡಿಯಲು ಮನೆಯ ನೀರು, ಉಪ್ಪು ಹಾಕಿದ ಮಜ್ಜಿಗೆ, ದಾರಿಯಲ್ಲಿ ಸಿಕ್ಕಿದರೆ ಬೊಂಡ. ಬಣ್ಣದ ಬಾಟಲಿಗಳ ಅಗತ್ಯವಿಲ್ಲ.

ದಡದಲ್ಲಿ ಚಿಕ್ಕ ಮಕ್ಕಳು ದೊಡ್ಡವರ ಕೈಯಳತೆಯಲ್ಲೇ ಇರಬೇಕು. 'ಎಲ್ಲರೂ ನೋಡುತ್ತಿದ್ದೇವೆ' ಎಂದರೆ ಯಾರೂ ನೋಡುತ್ತಿಲ್ಲ ಎಂದೇ ಅರ್ಥ. ಸರದಿಯಂತೆ ಒಬ್ಬರು ಮೊಬೈಲ್ ಕೆಳಗಿಟ್ಟು ಕಾವಲಿಗೆ ಕೂರಲಿ. ಯಾರಾದರೂ ಮುಳುಗುತ್ತಿದ್ದರೆ ಈಜು ಬಾರದವರು ನೀರಿಗೆ ಹಾರಬೇಡಿ; ಹಗ್ಗ, ಸೀರೆ, ಖಾಲಿ ಕ್ಯಾನ್, ಸಿಕ್ಕಿದ್ದನ್ನು ಎಸೆಯಿರಿ. ಮೇಲೆ ತಂದವರ ಹೊಟ್ಟೆ ಒತ್ತುವುದು, ತಲೆಕೆಳಗು ಮಾಡಿ ತಿರುಗಿಸುವುದು ತಪ್ಪು. ಉಸಿರಿಲ್ಲದಿದ್ದರೆ ತಡಮಾಡದೆ ಬಾಯಿಗೆ ಬಾಯಿಟ್ಟು ಉಸಿರು ಊದಿ, ನಂತರ ಎದೆಯ ನಡುವೆ 30 ಸಲ ಒತ್ತಿ 2 ಸಲ ಊದುವುದನ್ನು ಮುಂದುವರಿಸಿ. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಅಥವಾ 112ಕ್ಕೆ ಕರೆ ಮಾಡಲಿ. ಎಚ್ಚರವಾದರೂ ಆಸ್ಪತ್ರೆಗೆ ತೋರಿಸಲೇಬೇಕು. ಶ್ವಾಸಕೋಶದ ತೊಂದರೆ ಕೆಲವು ಗಂಟೆಗಳ ನಂತರ ಕಾಣಿಸಿಕೊಳ್ಳಬಹುದು.

ಕೊನೆಗೆ ಆಳುವವರಿಗೂ ಒಂದು ಮಾತು. ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ನಮ್ಮ ಕರಾವಳಿಯ ಉದ್ದಕ್ಕೂ ಜೀವರಕ್ಷಕರನ್ನು ನಿಲ್ಲಿಸಲು ಸಾಧ್ಯವಿಲ್ಲ ಎಂಬುದನ್ನು ಒಪ್ಪೋಣ. ಆದರೆ ಪ್ರತಿ ಅಳಿವೆಯ ಬಳಿ 'ಇಲ್ಲಿ ಇಳಿಯಬೇಡಿ, ಇಳಿತದ ಹೊತ್ತು ಸೆಳೆತ ಇದೆ' ಎಂದು ಕಾರಣ ಸಹಿತ ಬರೆದ ಫಲಕ, ಒಂದು ಹಗ್ಗ, ತೇಲುವ ಒಂದು ರಿಂಗು ಇಡಲು ಎಷ್ಟು ಹಣ ಬೇಕು? 'ಅಪಾಯ' ಎಂಬ ಒಂದೇ ಶಬ್ದದ ಫಲಕವನ್ನು ಯಾರೂ ನಂಬುವುದಿಲ್ಲ. ದಡದಲ್ಲೇ ಬಾಳುವ ಮೊಗವೀರ ಯುವಕರಿಗೆ ಉಸಿರು ಊದುವ ತರಬೇತಿ ಕೊಟ್ಟು, ಗೌರವಧನ ಕೊಟ್ಟರೆ ಅವರಿಗಿಂತ ಒಳ್ಳೆಯ ರಕ್ಷಕರು ಬೇರಿಲ್ಲ. ಹಾಗೆಯೇ ಶೌಚಾಲಯ. ಅದಿಲ್ಲವೆಂದು ಹೆಂಗಸರು ಬಿಸಿಲಿನಲ್ಲಿ ನೀರೇ ಕುಡಿಯದೆ, ಮೂತ್ರ ತಡೆದು ನಡೆದು, ಮರುವಾರ ಉರಿಮೂತ್ರ ಎಂದು ನಮ್ಮಲ್ಲಿಗೆ ಬರುತ್ತಾರೆ. ಇದು ಪ್ರವಾಸೋದ್ಯಮದ ಪ್ರಶ್ನೆ ಮಾತ್ರವಲ್ಲ, ಆರೋಗ್ಯದ ಪ್ರಶ್ನೆ.

ನಾವೂ ಒಂದು ನೆನಪಿಡೋಣ. ನಮಗೆ ನಿರ್ಜನವಾಗಿ ಕಾಣುವ ದಡ ಯಾರದೋ ಮನೆಯಂಗಳ. ಅಲ್ಲಿ ಬಲೆ ಒಣಗುತ್ತದೆ, ಮೀನು ಒಣಗುತ್ತದೆ. ಬುತ್ತಿಯ ಕಾಗದ, ಬಾಟಲಿ ಚೀಲದಲ್ಲೇ ಮರಳಿ ಬರಲಿ. ಅಲ್ಲಿನ ಹಿರಿಯರೊಬ್ಬರಲ್ಲಿ "ಇಲ್ಲಿ ನೀರು ಹೇಗೆ?" ಎಂದು ಕೇಳಲು ನಾಚಿಕೆ ಬೇಡ. ಆ ದಿನ ನಾನು ಹಾಗೆ ಕೇಳಿದ್ದರೆ ಬೈಸಿಕೊಳ್ಳಬೇಕಾಗಿರಲಿಲ್ಲ.

ಬಿಕರ್ನಕಟ್ಟೆಯ ಆ ತಾಯಿ ರಜೆ ಮುಗಿದ ಮೇಲೆ ಮತ್ತೆ ಬಂದಿದ್ದರು. ಬೆಂಗ್ರೆಯವರೆಗೆ ನಡೆದರಂತೆ. ಮಕ್ಕಳು ಪಾದ ಮಾತ್ರ ಒದ್ದೆ ಮಾಡಿಕೊಂಡರಂತೆ. "ರಾತ್ರಿ ಎಂಟೂವರೆಗೇ ಇಬ್ಬರೂ ಮಲಗಿದರು ಡಾಕ್ಟ್ರೇ, ಮೊಬೈಲ್ ಕೇಳಲೇ ಇಲ್ಲ" ಎಂದರು. ಅದಕ್ಕಿಂತ ಒಳ್ಳೆಯ ಔಷಧಿ ನನ್ನ ಕಪಾಟಿನಲ್ಲಿಲ್ಲ.