ಹಸುಗೂಸಿಗೆ ಹರಳೆಣ್ಣೆ ಬೇಡ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಬಾಣಂತಿಮನೆಗಳಲ್ಲಿ ಕೂಸು ಎರಡು ದಿನ ಮಲ ವಿಸರ್ಜಿಸದಿದ್ದರೆ ಹರಳೆಣ್ಣೆ ಕುಡಿಸುವ, ವೀಳ್ಯದೆಲೆಯ ತೊಟ್ಟನ್ನು ಗುದದ್ವಾರಕ್ಕಿಡುವ ರೂಢಿ ಇನ್ನೂ ಉಂಟು. ಆಯುರ್ವೇದ ವೈದ್ಯನಾಗಿಯೇ ಇದನ್ನು ವಿರೋಧಿಸುತ್ತೇನೆ. ಎಳೆಗೂಸಿಗೆ ವಿರೇಚನ ಸಲ್ಲದು.

ಎದೆಹಾಲನ್ನಷ್ಟೇ ಕುಡಿಯುವ ಕೂಸು, ತಿಂಗಳು ತುಂಬಿದ ಮೇಲೆ, ಐದಾರು ದಿನಕ್ಕೊಮ್ಮೆ ವಿಸರ್ಜಿಸಿದರೂ ಮಲ ಮೃದುವಾಗಿದ್ದು ತೂಕ ಏರುತ್ತಿದ್ದರೆ ಅದು ಮಲಬದ್ಧತೆಯಲ್ಲ. ಮುಕ್ಕಿ ಮುಖ ಕೆಂಪಾಗುವುದೂ ರೋಗವಲ್ಲ. ಹಿಕ್ಕೆಯಂತಹ ಗಟ್ಟಿ ಮಲವೇ ನಿಜವಾದ ಲಕ್ಷಣ. ಡಬ್ಬಿ ಹಾಲು ಕುಡಿಯುವ ಕೂಸುಗಳಲ್ಲಿ ಇದು ಹೆಚ್ಚು, ಪುಡಿ-ನೀರಿನ ಪ್ರಮಾಣವನ್ನು ಮೊದಲು ನೋಡಿರಿ. ಬೆಚ್ಚನೆಯ ಸ್ನಾನ, ಹೊಕ್ಕುಳ ಸುತ್ತ ಪ್ರದಕ್ಷಿಣಾಕಾರವಾಗಿ ಹಗುರವಾಗಿ ಸವರುವುದು, ಕಾಲುಗಳನ್ನು ಹೊಟ್ಟೆಯತ್ತ ಮಡಚುವುದು ಉಪಶಮನಕಾರಿ. ಜೇನುತುಪ್ಪ ವರ್ಷದೊಳಗೆ ಬೇಡವೇ ಬೇಡ.

ಹುಟ್ಟಿದ 24 ಗಂಟೆಯೊಳಗೆ ಕಪ್ಪು ಮಲ ಹೋಗದಿದ್ದರೆ, ಹೊಟ್ಟೆ ಉಬ್ಬಿದರೆ, ಹಸಿರು ವಾಂತಿಯಾದರೆ ಮನೆಮದ್ದಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಒಯ್ಯತಕ್ಕದ್ದು.