ಎಂಜಿನ್ ಎಳೆದರೆ ಸಾಲದು, ಬ್ರೇಕ್ ಹಿಡಿಯಬೇಕು

ನಮ್ಮ ಜಿಲ್ಲೆಯ ವ್ಯಾಪಾರವು ಬಹುಮಟ್ಟಿಗೆ ರಸ್ತೆಯನ್ನೇ ಅವಲಂಬಿಸಿದೆ. ಮಲ್ಪೆಯ ಮೀನು ಪಿಕಪ್‌ಗಳಲ್ಲಿ ಸಾಗುತ್ತದೆ. ಕಾರ್ಕಳದ ಕಾರ್ಖಾನೆಗಳಿಗೆ ಬೇಕಾದ ಕಚ್ಚಾ ಗೇರುಬೀಜ ನವಮಂಗಳೂರು ಬಂದರಿನಿಂದ ಕಂಟೇನರ್ ಟ್ರೇಲರ್‌ಗಳಲ್ಲಿ ಬರುತ್ತದೆ. ವಾಹನ ಕೊಳ್ಳುವಾಗ ಅಥವಾ ಬಾಡಿಗೆಗೆ ಹಿಡಿಯುವಾಗ ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ‘ಎಷ್ಟು ಎಳೆಯುತ್ತದೆ?’ ಕೇಳಬೇಕಾದುದು ‘ಎಷ್ಟು ಭಾರಕ್ಕೆ ನೋಂದಣಿಯಾಗಿದೆ?’ ಎಂಬುದು. ಇಂದಿನ ಎಂಜಿನ್ ಮಿತಿ ಮೀರಿದ ಭಾರವನ್ನೂ ಎಳೆದೀತು. ಆದರೆ ಬ್ರೇಕ್, ಟಯರ್, ಆಕ್ಸಲ್‌ಗಳು ನಿಗದಿತ ತೂಕಕ್ಕೆ ಮಾತ್ರ ಸಿದ್ಧವಾಗಿರುತ್ತವೆ. ಬಾಳೆಬರೆ ಘಾಟಿಯ ಇಳಿಜಾರಿನಲ್ಲಿ ಚಾಲಕನ ಪ್ರಾಣ ಉಳಿಸುವುದು ಅವೇ.

ಲೆಕ್ಕ ಸರಳವಾದುದು. ನೋಂದಣಿ ಪತ್ರದ ಒಟ್ಟು ತೂಕ 2,900 ಕಿಲೋ, ಖಾಲಿ ತೂಕ 1,600 ಕಿಲೋ ಎಂದಿದ್ದರೆ ಉಳಿಯುವುದು 1,300 ಕಿಲೋ. ಖಾಲಿ ತೂಕದಲ್ಲಿ ಚಾಲಕ, ಸಹಾಯಕರು ಸೇರಿರುವುದಿಲ್ಲ. ಅವರಿಬ್ಬರಿಗೆ 140 ಕಿಲೋ ಕಳೆದರೆ ಸರಕಿಗೆ ದೊರೆಯುವುದು 1,160 ಮಾತ್ರ. ಮೀನು 900 ಕಿಲೋ ಎಂದು ಬಿಲ್ಲು ಬರೆದು ನಿಶ್ಚಿಂತರಾಗುತ್ತೇವೆ. ಮಂಜುಗಡ್ಡೆ ಮತ್ತು ಕ್ರೇಟುಗಳ 450 ಕಿಲೋ ಸೇರಿದರೆ ಮಿತಿ 190 ಕಿಲೋ ಮೀರಿತು!

ಟ್ರೇಲರ್‌ನ ವಿಷಯ ಇನ್ನೂ ಸೂಕ್ಷ್ಮವಾದುದು. ಕಂಟೇನರ್‌ನ ಭಾರದ ಒಂದು ಪಾಲು ‘ಐದನೇ ಚಕ್ರ’ವೆಂಬ ಜೋಡಣೆ ತಟ್ಟೆಯ ಮೂಲಕ ಮುಂದಿನ ಟ್ರ್ಯಾಕ್ಟರ್‌ನ ಮೇಲೆ ಬೀಳುತ್ತದೆ. ಸರಕು ಅತಿಯಾಗಿ ಮುಂದಕ್ಕಿದ್ದರೆ ಟ್ರ್ಯಾಕ್ಟರ್‌ನ ಹಿಂದಿನ ಆಕ್ಸಲ್‌ಗೆ ಹೊರೆ. ಅತಿಯಾಗಿ ಹಿಂದಕ್ಕಿದ್ದರೆ ಏರಿನಲ್ಲಿ ಚಕ್ರಕ್ಕೆ ಹಿಡಿತವಿಲ್ಲ. ಆದುದರಿಂದ ಒಟ್ಟು ತೂಕ ಮಿತಿಯೊಳಗಿದ್ದರೂ ಒಂದು ಆಕ್ಸಲ್ ಮಿತಿ ಮೀರಬಹುದು. 2018ರ ಜುಲೈ ಅಧಿಸೂಚನೆಯು ನಾಲ್ಕು ಟಯರ್‌ಗಳ ಒಂಟಿ ಆಕ್ಸಲ್‌ನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು, ನಿಜ. ಆದರೆ ಹಳೆಯ ವಾಹನದ ಮಾಲೀಕರು ತಮ್ಮ ನೋಂದಣಿ ಪತ್ರದಲ್ಲಿರುವ ಅಂಕಿಯನ್ನೇ ನೋಡಬೇಕು.

ಅಧಿಕ ಭಾರ ಸಾಗಾಣಿಕೆದಾರನ ತಲೆನೋವು ಎಂದು ನಮ್ಮಲ್ಲಿ ಹಲವರ ಭಾವನೆ. ಕಾನೂನು ಹಾಗೆ ಹೇಳುವುದಿಲ್ಲ. ಮೋಟಾರು ವಾಹನ ಕಾಯ್ದೆಯ 194ನೇ ಕಲಮು ಓಡಿಸಿದವನನ್ನಷ್ಟೇ ಅಲ್ಲದೆ ಓಡಿಸುವಂತೆ ಮಾಡಿದವನನ್ನೂ ಹೊಣೆಯಾಗಿಸುತ್ತದೆ. 2019ರ ತಿದ್ದುಪಡಿಯಂತೆ ದಂಡ 20,000 ರೂಪಾಯಿ. ಅದರ ಮೇಲೆ ಹೆಚ್ಚುವರಿ ಟನ್ನೊಂದಕ್ಕೆ 2,000. ಐದು ಟನ್ ಹೆಚ್ಚಾದರೆ 30,000 ರೂಪಾಯಿ, ಜೊತೆಗೆ ಸರಕು ಇಳಿಸುವ ಖರ್ಚು. ದಂಡ ಕಟ್ಟಿ ಮುಂದೆ ಸಾಗುವ ಹಾದಿಯೂ ಇಲ್ಲ. ಹೆಚ್ಚುವರಿ ಭಾರ ಇಳಿಸದೆ ವಾಹನ ಬಿಡಬಾರದೆಂಬುದನ್ನು ಸರ್ವೋಚ್ಚ ನ್ಯಾಯಾಲಯ 2005ರಲ್ಲೇ ಸ್ಪಷ್ಟಪಡಿಸಿದೆ.

ಸಣ್ಣ ಉದ್ಯಮಿಗೆ ಎರಡನೇ ಟ್ರಿಪ್ಪಿನ ಬಾಡಿಗೆ ಭಾರವೆಂಬುದನ್ನು ಅಲ್ಲಗಳೆಯಲಾಗದು. ಆದರೆ ಟ್ರಿಪ್ಪಿಗಿಷ್ಟು ಎಂಬ ಬಾಡಿಗೆ ಪದ್ಧತಿಯೇ ಅಧಿಕ ಭಾರಕ್ಕೆ ಮೂಲ. ಬಾಡಿಗೆ ಕೊಡುವವನಿಗೆ ತುಂಬಿದಷ್ಟೂ ಲಾಭ, ವಾಹನದವನಿಗೆ ತುಂಬಿದಷ್ಟೂ ನಷ್ಟ. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ. ತೂಕದ ಮೇಲೆ ಬಾಡಿಗೆ ನಿಗದಿಯಾದರೆ ಇಬ್ಬರ ಹಿತವೂ ಒಂದಾಗುತ್ತದೆ.

ಆದ್ದರಿಂದ ಸದಸ್ಯರು ಎರಡು ಕ್ರಮಗಳನ್ನು ಕೈಗೊಳ್ಳುವುದು ಯುಕ್ತ: ಸರಕು ತುಂಬುವ ಮುನ್ನ ವಾಹನದ ನೋಂದಣಿ ಪತ್ರದ ತೂಕವನ್ನು ರವಾನೆ ಪುಸ್ತಕದಲ್ಲಿ ದಾಖಲಿಸುವುದು, ತೂಕಸೇತುವೆಯ ಚೀಟಿಯಿಲ್ಲದೆ ಗೇಟ್‌ಪಾಸ್ ಕೊಡದಿರುವುದು. ನಮ್ಮ ಸಂಸ್ಥೆಯು ಕೈಗಾರಿಕಾ ಪ್ರದೇಶಗಳಲ್ಲಿ ಸಹಕಾರಿ ತೂಕಸೇತುವೆಗಳ ವಿಚಾರವನ್ನು ಮುಂದಿನ ಸಭೆಯಲ್ಲಿ ಎತ್ತಿಕೊಳ್ಳಲಿ. ಒಂದು ಅಪಘಾತದ ಬೆಲೆ ನೂರು ಟ್ರಿಪ್ಪುಗಳ ಉಳಿತಾಯಕ್ಕಿಂತ ದೊಡ್ಡದು.